ಹೆಸರು ಹೇಳದ ಡಾಕ್ಟರು

ಸವದತ್ತಿ, ೧೪ ಆಗಸ್ಟ್ ೨೦೨೫, ಗುರುವಾರ

ಆ ನಗು ಇನ್ನೂ ಕಿವಿಯಿಂದ ಹೋಗಿಲ್ಲ. ತಾಲೂಕಿನ ವೈದ್ಯರೆಲ್ಲ ತಿಂಗಳಿಗೊಮ್ಮೆ ಸೇರಿ ಕಠಿಣ ತುರ್ತು ಕೇಸುಗಳಿಂದ ಕಲಿಯುವ ನಮ್ಮ ಸಭೆಗೆ ಇರುವುದು ಒಂದೇ ನಿಯಮ: ತಪ್ಪು ಹೇಳಬೇಕು, ತಪ್ಪಿದವರ ಹೆಸರು ಹೇಳಬಾರದು. ಹೃದಯಾಘಾತವೆಂದು ನಾನು ಬೆಳಗಾವಿಗೆ ಓಡಿಸಿದ್ದ ರೋಗಿಗೆ ಬರೀ ಗ್ಯಾಸಾಗಿತ್ತಂತೆ. ಅದನ್ನೇ ಇವತ್ತು ನಮ್ಮಲ್ಲೇ ಹಿರಿಯ ವೈದ್ಯರಾದ ವಿರೂಪಾಕ್ಷ ಸರ್ ಎತ್ತಿದರು.

"ಏಳವಾ ಉಮಾಶ್ರೀ, ಎದ್ದು ನಿಂತು ಎಲ್ಲಾರಿಗೂ ಮಾರಿ ತೋರ್ಸು."

ನಿಂತೆ. ಎಲ್ಲರೂ ನಕ್ಕರು.

ಮುಂದಿನ ತಿಂಗಳು ನನ್ನ ಸರದಿ. ಹೂಲಿಯ ಬೀರವ್ವನ ಕೇಸು ಇಡುತ್ತೇನೆ. ರಾತ್ರಿ ಹೊಲದಲ್ಲಿ ಕುರಿಗಳ ಬಳಿ ನೆಲದ ಮೇಲೆ ಮಲಗಿದ್ದವಳು ಹೊಟ್ಟೆನೋವೆಂದು ಎದ್ದಳು. ರೆಪ್ಪೆಗಳು ಜೋತುಬಿದ್ದಿದ್ದವು. ನಿದ್ದೆಗೆಟ್ಟಿದ್ದಾಳೆ ಎಂದು ಮೊದಲು ನೋಡಿದ ಡಾಕ್ಟರು ಗ್ಯಾಸಿನ ಇಂಜೆಕ್ಷನ್ ಕೊಟ್ಟು ಕಳಿಸಿದರು. ನನ್ನ ಬಳಿ ತಂದಾಗ ಉಸಿರೇ ನಿಲ್ಲುವಂತಿತ್ತು. ಕಟ್ಟುಹಾವು ಕಡಿದಿತ್ತು, ಅದರ ಹಲ್ಲಿನ ಗುರುತು ಕಣ್ಣಿಗೆ ಬೀಳುವುದೇ ಕಷ್ಟ; ರೆಪ್ಪೆ ಜೋತುಬಿದ್ದದ್ದೂ ಹೊಟ್ಟೆ ನೊಂದದ್ದೂ ಅದರ ವಿಷಕ್ಕೇ. ಹೇಗೋ ಉಳಿಸಿಕೊಂಡೆ.

ಆ ಡಾಕ್ಟರು ಇದೇ ವಿರೂಪಾಕ್ಷ ಸರ್. ಅವರಿಗೆ ನೆನಪೂ ಇಲ್ಲ. ಸಭೆಯಲ್ಲಿ ನಾನು ಹೆಸರು ಹೇಳುವುದಿಲ್ಲ, ನಿಯಮ ಮುರಿಯುವವಳು ನಾನಲ್ಲ. ಹಿರಿಯರೆಂದು ಮೊದಲು ಅವರನ್ನೇ ಕೇಳುತ್ತೇನೆ: "ಇಂಥಾಕಿನ್ನ ಮನಿಗಿ ಕಳಿಸಿದವ್ರಿಗೆ ಏನ್ ಅನಬೇಕ್ರೀ ಸರ್?" ಬಾಯಿ ತುಂಬ ಬೈಯಲಿ. ನಡುವೆ ತಡೆಯುವುದಿಲ್ಲ. ಬೈದು ದಣಿದ ಮೇಲೆ ಬೀರವ್ವನನ್ನು ಒಳಗೆ ಕರೆಯುತ್ತೇನೆ.

ಸಂಜೆ ಫೋನು ಮಾಡಿ ಅವಳನ್ನು ಕೇಳಿದೆ.

"ಬರತೇನ್ರೀ ಬಾಯಾರ. ಆ ಗ್ಯಾಸಿನ ಡಾಕ್ಟರೂ ಬರತಾರೇನ್ರಿ? ಅವ್ರ ಮಾರಿ ನಾ ಮರತಿಲ್ಲ."

ಮೊದಲ ಸಾಲಿನಲ್ಲೇ ಕೂತಿರುತ್ತಾರೆ ಎಂದೆ.