ರೆಕ್ಕೆಗೂ ಗೆರೆ ಎಳೆಸಿದ ನಕ್ಷೆ ಪರಿಶೀಲನಾಧಿಕಾರಿಗಳಿಗೆ

ಜಲ ಇಲಾಖೆಯ ನಕ್ಷೆಗಳಿಗೆಲ್ಲ ಕೆಂಪು ಮಸಿ ಕಾಣಿಸುವ ಮಾನ್ಯರೇ,

ಪಂಪಿನ ಪೀಠವನ್ನು ನಡುವೆ ಕತ್ತರಿಸಿದಂತೆ ತೋರಿಸುವ ನನ್ನ ನಕ್ಷೆಯನ್ನು ತಾವು ಹಿಂದಿರುಗಿಸಿದಿರಿ. ಪೀಠಕ್ಕೆ ಬಲ ಕೊಡುವ ತೆಳು ರೆಕ್ಕೆಗಳಿಗೆ ಓರೆಗೆರೆ ಇಲ್ಲವಂತೆ. "ಕತ್ತರಿ ಬಿದ್ದಲ್ಲೆಲ್ಲ ಗೆರೆ ಬೀಳಲಿ" ಎಂದು ಅಪ್ಪಣೆಯಾಯಿತು. ಅದರ ಫಲವಾಗಿ ನಮ್ಮ ಗವಿಯೋಟಾ ಗುಡ್ಡಕ್ಕೆ ಇವತ್ತಿಗೂ ನೀರಿಲ್ಲ.

ಓರೆಗೆರೆ ಕಂಡಲ್ಲಿ ಎರಕದವರು ಗಟ್ಟಿ ಲೋಹ ಎಂದು ಓದುತ್ತಾರೆ. ಉದ್ದಕ್ಕೆ ಸೀಳಿದ ರೆಕ್ಕೆಗೆ ಗೆರೆ ಹಾಕದೆ ಬಿಡುವುದು ಸೋಮಾರಿತನದಿಂದಲ್ಲ ಮಾನ್ಯರೇ. ಹಾಕಿದರೆ ಇಡೀ ಪೀಠವೇ ಗುಂಡುಕಲ್ಲಿನಂತೆ ಕಾಣುತ್ತದೆ. ಶಾಫ್ಟು, ಬೋಲ್ಟುಗಳನ್ನೂ ಹೀಗೆಯೇ ಇಡಿಯಾಗಿ ಬಿಡುತ್ತೇವೆ. ತಾವೂ ಸಂಜೆಯ ಚಹಾದ ಜೊತೆ ಬ್ರೆಡ್ಡಿಗೆ ಬೆಣ್ಣೆಹಣ್ಣು ಹಚ್ಚಿ ತಿನ್ನುವವರೇ ತಾನೆ? ಹಣ್ಣನ್ನು ಹೋಳು ಮಾಡುವಾಗ ಬೀಜವನ್ನೂ ಕತ್ತರಿಸುತ್ತೀರಾ? ಚಾಕು ಸುತ್ತ ತಿರುಗುತ್ತದೆ, ಬೀಜ ಇಡಿಯಾಗಿ ಕೂತಿರುತ್ತದೆ. ತಮ್ಮ ಅಡುಗೆಮನೆಗೆ ಗೊತ್ತಿರುವ ನಿಯಮ ತಮ್ಮ ಕಚೇರಿಗೆ ಗೊತ್ತಿಲ್ಲವೆಂದರೆ ನಾನು ಯಾರನ್ನು ದೂರಲಿ?

ಮೇಲಿನಿಂದ ನೋಡಿದ ಚಿತ್ರವನ್ನೂ ಸೇರಿಸಿದ್ದೆ. ಅದರಲ್ಲಿ ರೆಕ್ಕೆಗಳು ಬಿಡಿಬಿಡಿಯಾಗಿ ಕಾಣುತ್ತಿದ್ದವು. ಕಾಗದ ದಂಡವೆಂದು ಅದನ್ನೂ ತೆಗೆಸಿದಿರಿ. ಕೊನೆಗೆ ತಾವು ಹೇಳಿದಂತೆ ಗೆರೆ ಎಳೆದು, ತಮ್ಮ ಮೊಹರು ಬಿದ್ದ ಹಾಳೆ ಹಿಡಿದು ಎರಕದ ಮನೆಯ ಎವಾರಿಸ್ಟೊ ಮಾವನ ಹತ್ತಿರ ಹೋಗಿ, ರೆಕ್ಕೆಗಳ ನಡುವೆ ಸಂದಿ ಬಿಡಿ ಎಂದು ಬಾಯಲ್ಲಿ ಹೇಳಿದೆ. ಅವರು ಆಗದೆಂದು ತಲೆಯಾಡಿಸಿಬಿಟ್ಟರು.

"ಬಾಯ್ಮಾತಿಗೆ ಮೊಹರಿಲ್ಲ ತಾಯಿ. ಕಾಗ್ದ ಗಟ್ಟಿ ಅಂತಿದೆ, ಗಟ್ಟೀನೇ ಹೊಯ್ತೀನಿ. ನಾಳೆ ಸಾಹೇಬ್ರು ಕೇಳಿದ್ರೆ ನಿನ್ ಹೆಸ್ರು ಹೇಳ್ಲಾ?"

ಹೊಯ್ದರು. ಸಂದಿಯಿಲ್ಲದ ಪೀಠ ಹೆಬ್ಬಂಡೆಯಷ್ಟು ಭಾರವಾಯಿತು. ನಮ್ಮ ಗುಡ್ಡಕ್ಕೆ ರಸ್ತೆಯಿಲ್ಲ, ಇರುವುದು ಮೆಟ್ಟಿಲು ಮಾತ್ರ. ಕೇರಿಯ ಗಂಡಸರೆಲ್ಲ ಹಗ್ಗ ಕಟ್ಟಿ ಎಳೆದರು, ಮಾನ್ಯರಾದ ತಮ್ಮ ವಂಶವನ್ನು ಮನಸಾರೆ ಸ್ಮರಿಸಿದರು, ಅರ್ಧ ದಾರಿಯಲ್ಲಿ ಕೈಬಿಟ್ಟರು. ಪೀಠ ಅಲ್ಲೇ ಕೂತಿದೆ. ಬೀದಿನಾಯಿಗಳು ಅದರ ಮೇಲೆ ಮಲಗಿ ಬಿಸಿಲು ಕಾಯಿಸಿಕೊಳ್ಳುತ್ತವೆ. ತಮ್ಮ ಇಲಾಖೆಯಿಂದ ಗುಡ್ಡದಲ್ಲಿ ಯಾರಿಗಾದರೂ ಉಪಕಾರವಾದದ್ದು ಇದೇ ಮೊದಲು. ಆದರೆ ನನ್ನ ಸೋದರತ್ತೆ ಸುನಿಲ್ಡಾ ಊದಿದ ಮಂಡಿ ಎಳೆದುಕೊಂಡು, ಆ ಪೀಠವನ್ನು ಸುತ್ತಿ ಬಳಸಿ, ದಿನಾ ನೀರಿನ ಕ್ಯಾನು ಹೊತ್ತು ಹತ್ತುತ್ತಾಳೆ.

ಹೊಸ ನಕ್ಷೆ ಈಗ ತಮ್ಮ ಮೇಜಿನ ಮೇಲಿದೆ. ರೆಕ್ಕೆಗಳು ಬೋಳಾಗಿಯೇ ಇವೆ. ಆ ಕೆಂಪು ಮಸಿಗೆ ಬಿರಡೆ ಹಾಕಿ, ಈ ವಾರವೇ ಮೊಹರು ಒತ್ತಿ. ಇನ್ನೂ ಸಂದೇಹವಿದ್ದರೆ ಗುಡ್ಡಕ್ಕೆ ದಯಮಾಡಿಸಿ. ಅತ್ತೆಯ ಆಹ್ವಾನವನ್ನು ಅವಳ ಮಾತಲ್ಲೇ ಬರೆಯುತ್ತಿದ್ದೇನೆ:

"ಆ ಸಾಹೇಬ್ರ ಕೈಗೊಂದ್ ಕ್ಯಾನ್ ಕೊಟ್ಟು ಹತ್ಸೇ. ಗೆರೆ ಎಲ್ಲಿ ಬೇಕು, ಎಲ್ಲಿ ಬೇಡ ಅಂತ ಅವ್ರ ಮಂಡೀನೇ ಹೇಳುತ್ತೆ."

ಇಂತಿ,
ತಾವು ಹೇಳಿದಲ್ಲೆಲ್ಲ ಗೆರೆ ಎಳೆದು, ಕೇರಿಯಲ್ಲಿ ತಲೆ ಎತ್ತಲಾಗದಂತಾದ
ನಕ್ಷೆಗಾರ್ತಿ ಗ್ರಿಸೆಲ್ಡಾ ಉಯೋವಾ
ಗವಿಯೋಟಾ ಗುಡ್ಡ, ಚಿಲಿ