ಎಂಟು ಗಂಟೆಯ ಕಿಟಕಿ

ಬೀಗ ಹಾಕಿದ ಮನೆಗಳ ಬೀದಿಯಿಂದ,
ಸೋಮವಾರ, ಬೆಳಿಗ್ಗೆ ಏಳೂವರೆ

ಪ್ರೀತಿಯ ಅತ್ತೆಗೆ,

ಮಂಡಿನೋವು ಹೇಗಿದೆ? ಮೈದುನನ ಮನೆಯ ಮೂರು ಮಹಡಿ ಹತ್ತಿ ಇಳಿಯುವುದನ್ನು ಕಡಿಮೆ ಮಾಡಿ, ಎಣ್ಣೆ ಹಚ್ಚುವುದನ್ನು ಜಾಸ್ತಿ ಮಾಡಿ. ನಾವು ಮೂವರೂ ಚೆನ್ನಾಗಿದ್ದೇವೆ. ನಿಮ್ಮ ಮಗ ಮರದ ಮಿಲ್ಲಿನ ಕೆಲಸಕ್ಕೆ ಒಗ್ಗಿಕೊಂಡಿದ್ದಾರೆ. ಕಿವಿಯ ತುಂಬ ಹೊಟ್ಟು ತುಂಬಿಕೊಂಡು ಬರುತ್ತಾರೆ. ನಾನು ಹೇಳಿದ್ದು ಕೇಳಿಸಲಿಲ್ಲ ಅನ್ನಲು ಅದೊಂದು ಹೊಸ ನೆಪ.

ಈಗ ಮನೆಯ ವಿಷಯ. ಪಟ್ಟಣದಲ್ಲಿ ನಮ್ಮ ಮಾತಿನ ಧಾಟಿ ಕೇಳಿದೊಡನೆ ಮನೆ ಖಾಲಿ ಇಲ್ಲ ಅನ್ನುತ್ತಿದ್ದರು. ಈ ಹಳ್ಳಿಯ ನಮ್ಮ ಬೀದಿಯಲ್ಲಿ ಹನ್ನೊಂದು ಮನೆಗಳಲ್ಲಿ ಏಳಕ್ಕೆ ಬೀಗ. ಊರ ಕಚೇರಿಯ ಗುಮಾಸ್ತ ಮೂರು ಕೋಣೆಯ ಮನೆ ತೋರಿಸಿ, ಅರ್ಧ ಬಾಡಿಗೆ ಸಾಕು, ಕೆಲವು ದಿನ ಇದ್ದು ನೋಡಿ, ಆಮೇಲೆ ಐದು ವರ್ಷ ಇರ್ತೀವಿ ಅಂತ ಸಹಿ ಹಾಕಿ ಅಂದ. ಹಲ್ಲು ಕಿರಿದು ಹೇಳಿದ್ದೇ ನನಗೆ ಹಿಡಿಸಲಿಲ್ಲ. ಗುರುತು ಪರಿಚಯವಿಲ್ಲದ ನಮ್ಮ ಮೇಲೆ ಇಷ್ಟು ಅಕ್ಕರೆ ಯಾಕೆ? ಆಮೇಲೆ ಗೊತ್ತಾಯಿತು, ಇನ್ನೊಂದು ಮಗು ಸೇರದಿದ್ದರೆ ಇಲ್ಲಿನ ಶಾಲೆ ಮುಚ್ಚುತ್ತದಂತೆ. ಅವರಿಗೆ ಬೇಕಾದದ್ದು ತಲೆ ಎಣಿಕೆ, ನಾವಲ್ಲ. ಸಹಿಗೆ ಇವತ್ತೇ ಕಡೆಯ ದಿನ. ಹಾಕಿದರೆ ನಿಮ್ಮನ್ನು ಕರೆಸಿಕೊಳ್ಳಬಹುದು ಎಂದು ನಿಮ್ಮ ಮಗ ಜಪ ಮಾಡುತ್ತಿದ್ದಾರೆ. ಹಾಕದಿದ್ದರೆ ಮತ್ತೆ ಗಂಟುಮೂಟೆ ಕಟ್ಟಬೇಕು.

ಎದುರುಮನೆಯಲ್ಲಿ ಒಬ್ಬರು ಟೀಚರು ಇದ್ದಾರೆ, ನಿಮ್ಮ ವಯಸ್ಸು, ಒಂಟಿ, ಯಾವಾಗಲೋ ನಿವೃತ್ತರಾದವರು. ದಿನಾ ಎಂಟಕ್ಕೆ ಸರಿಯಾಗಿ ತಮ್ಮ ಕಿಟಕಿ ತೆರೆದು ನಮ್ಮ ಕಿಟಕಿಯನ್ನೇ ನೋಡುತ್ತಾ ನಿಲ್ಲುತ್ತಾರೆ. ಕೇಳಿದ್ದಕ್ಕೆ, “ಇಲ್ಲಿ ಎಲ್ಲರೂ ಎಂಟಕ್ಕೆ ಕಿಟಕಿ ತೆಗೀತೀವಮ್ಮ. ತೆಗೀಲಿಲ್ಲ ಅಂದ್ರೆ ಎದುರುಮನೆಯವರು ಬಂದು ನೋಡ್ಬೇಕು. ಇರೋದೇ ನಾಲ್ಕು ಮನೆ,” ಅಂದರು. ನಾನು ನಂಬಲಿಲ್ಲ. ಹೊಸಬರ ಮನೆಗೆ ಯಾರು ಬಂದರು, ಯಾರು ಹೋದರು ಎಂದು ಗುಮಾಸ್ತನಿಗೆ ವರದಿ ಒಪ್ಪಿಸುತ್ತಾರೆ ಅಂದುಕೊಂಡೆ. ಪರೀಕ್ಷೆ ಮಾಡೋಣವೆಂದು ನಿನ್ನೆ ಬೇಕಂತಲೇ ಕಿಟಕಿ ತೆರೆಯಲಿಲ್ಲ. ಎಂಟೂ ಐದಕ್ಕೆ ನಮ್ಮ ಬಾಗಿಲು ತಾನಾಗಿ ತೆರೆಯಿತು. ನೋಡಿದರೆ ಟೀಚರು, ಒಂದೇ ಕಾಲಿಗೆ ಚಪ್ಪಲಿ, ಏದುಸಿರು, ಕೈಯಲ್ಲಿ ನಮ್ಮ ಮನೆಯ ಕೀಲಿಕೈ. ಹಳೆಯ ಬಾಡಿಗೆದಾರರ ಕಾಲದಿಂದ ಅವರ ಹತ್ತಿರವೇ ಇತ್ತಂತೆ. ನನಗೆ ಮೈಯೆಲ್ಲ ಉರಿದುಹೋಯಿತು. ಬಾಯಿಗೆ ಬಂದದ್ದು ಅಂದು ಕೀಲಿ ಕಿತ್ತುಕೊಂಡೆ. ಅವರು ಹೋಗಿ ತಮ್ಮ ಮನೆಯ ಕೀಲಿ ತಂದು, “ಇದಾದ್ರೂ ನಿನ್ನ ಹತ್ರ ಇರ್ಲಿ,” ಎಂದು ಕಟ್ಟೆಯ ಮೇಲಿಟ್ಟು ಹೋದರು. ನಾಳೆ ಏನಾದರೂ ಕಳೆದರೆ ನನ್ನ ತಲೆಗೆ ಕಟ್ಟುವ ಉಪಾಯವೇ ಇರಬೇಕು. ಮುಟ್ಟಲೂ ಮನಸ್ಸಾಗದೆ ಬಟ್ಟೆಯಲ್ಲಿ ಹಿಡಿದು ಹಿಟ್ಟಿನ ಡಬ್ಬದ ಹಿಂದೆ ಇಟ್ಟಿದ್ದೇನೆ.

ಆದ್ದರಿಂದ ಸಹಿ ಹಾಕುವುದಿಲ್ಲ ಅತ್ತೆ. ನಿಮ್ಮನ್ನು ಕರೆಸುವುದು ಇನ್ನೂ ತಡವಾಗುತ್ತದೆ, ಅದೊಂದೇ ಸಂಕಟ. ಸೊಸೆಗೆ ಅನುಮಾನದ ರೋಗ ಎಂದು ಬೈದುಕೊಳ್ಳಿ; ಕಲಿಸಿದವರು ನೀವೇ. ಮೊಮ್ಮಗಳು ಮುತ್ತು ಕಳಿಸಿದ್ದಾಳೆ. ನಮ್ಮ ಮೇಲೆ ನಿಮ್ಮ ಆಶೀರ್ವಾದವಿರಲಿ.

ಇಂತಿ,
ನಿಮ್ಮ ಸೊಸೆ

ತಾ.ಕ.: ಅಂಟಿಸಿದ ಪತ್ರವನ್ನು ಮತ್ತೆ ಬಿಚ್ಚಿದ್ದೇನೆ. ಎಂಟೂಕಾಲಾದರೂ ಎದುರುಮನೆಯ ಕಿಟಕಿ ತೆರೆಯಲಿಲ್ಲ. ನನ್ನ ಮೇಲಿನ ಸಿಟ್ಟಿಗೆ ಅಂದುಕೊಂಡು ಸ್ವಲ್ಪ ಹೊತ್ತು ಕೂತೇ ಇದ್ದೆ, ದೇವರು ನನ್ನನ್ನು ಕ್ಷಮಿಸಲಿ. ಆಮೇಲೆ ಕೀಲಿ ತೆಗೆದುಕೊಂಡು ಓಡಿದೆ. ಬಚ್ಚಲಲ್ಲಿ ಜಾರಿ ಬಿದ್ದಿದ್ದರು, ಸೊಂಟ ಅಲುಗಾಡಿಸಲು ಆಗುತ್ತಿರಲಿಲ್ಲ. ನನ್ನನ್ನು ಕಂಡು, “ಇಪ್ಪತ್ತು ನಿಮಿಷ ಲೇಟು,” ಅಂದರು. ಆಸ್ಪತ್ರೆಯ ಗಾಡಿ ಬರುವವರೆಗೂ ನನ್ನ ಕೈ ಬಿಡಲಿಲ್ಲ. ಸಹಿ ಹಾಕಿ ಬಂದೆ. ಗುಮಾಸ್ತನ ಮೇಲಿನ ಅನುಮಾನ ಹಾಗೇ ಇದೆ. ನೀವು ಹೊರಟು ಬನ್ನಿ, ರಸ್ತೆ ಕಡೆಯ ಕೋಣೆ ನಿಮ್ಮದು. ಎಂಟಕ್ಕೆ ಮರೆಯದೆ ಕಿಟಕಿ ತೆರೆಯಬೇಕು. ನಮ್ಮ ಮನೆಯ ಕೀಲಿಯನ್ನು ಟೀಚರ ಕೀಲಿಗೊಂಚಲಿಗೆ ಮತ್ತೆ ಸೇರಿಸಿದ್ದೇನೆ.