ಗುಬ್ಬಿಯ ದಾರ

೧೪ ಜುಲೈ, ಭಾನುವಾರ

ಪ್ರೀತಿಯ ಅಕ್ಕನಿಗೆ ನಮಸ್ಕಾರ.

ಊರು ತಲುಪಿದ ಸುದ್ದಿಯನ್ನೂ ನಿನಗೆ ತಿಳಿಸಲಿಲ್ಲ. ಕ್ಷಮಿಸು. ಫೋನ್ ಮಾಡಬಹುದಿತ್ತು. ಆದರೆ ಭಾವ ಎತ್ತಿಕೊಂಡು, ನೀನು ಪಕ್ಕದಲ್ಲೇ ಕೂತಿದ್ದರೂ, ಅವಳು ಮಲಗಿದ್ದಾಳೆ ಎನ್ನುತ್ತಾರೆ. ಆ ಪಾಪದ ಮನುಷ್ಯನ ಬಾಯಲ್ಲಿ ಸುಳ್ಳು ಹೇಳಿಸುವುದು ಬೇಡ ಎನಿಸಿತು. ಬಲಗೈ ಬೆರಳುಗಳು ಈಗ ಸ್ವಲ್ಪ ಮಡಚುತ್ತಿವೆ ಎಂದು ಅವರೇ ಮೆಸೇಜ್ ಮಾಡಿದ್ದರು. ಸಮಾಧಾನವಾಯಿತು.

ನೀನು ಬಾಗಿಲಲ್ಲಿ ನಿಂತು ಹೇಳಿದ್ದನ್ನು ಬಸ್ ಪ್ರಯಾಣದುದ್ದಕ್ಕೂ ತಿರುವಿ ಹಾಕಿದೆ. "ನೀನು ಹೊರಡು. ನನ್ನನ್ನ ಬೊಂಬೆ ಮಾಡ್ಬೇಡ." ಲಕ್ವ ಹೊಡೆದ ಅಕ್ಕನಿಗೆ ತಲೆ ಬಾಚಿದ್ದು, ಊಟ ಕಲಸಿ ಕೊಟ್ಟದ್ದು, ಕೇಳುವ ಮೊದಲೇ ನೀರು ತಂದಿಟ್ಟದ್ದು, ಇದರಲ್ಲಿ ಬೊಂಬೆ ಎಲ್ಲಿಂದ ಬಂತು ಎಂದು ನನಗೆ ಹೊಳೆಯಲಿಲ್ಲ. ಮತ್ತೆ ನಿನ್ನ ಮನೆ ಮೆಟ್ಟಿಲು ಹತ್ತಬಹುದೇ ಎಂದು ಕೇಳುವುದಕ್ಕೇ ಈ ಪತ್ರ. ಆದರೆ ಮೊದಲು ತರಗತಿಯ ವಿಷಯ ಹೇಳುತ್ತೇನೆ. ಸುತ್ತಿ ಬಳಸಿ ಮಾತಾಡುವುದು ನನ್ನ ಹುಟ್ಟುಗುಣ, ನಿನಗೆ ಗೊತ್ತಲ್ಲ.

ಈ ವರ್ಷ ಮಕ್ಕಳಿಗೆ ದಯೆ ಕಲಿಸಬೇಕು ಎಂದು ಹೆಡ್ ಮಿಸ್ ಅಪ್ಪಣೆ ಮಾಡಿದರು. ಅಕ್ಷರ ಕಲಿಸಬಹುದು, ಶೂ ಲೇಸು ಕಟ್ಟಲು ಕಲಿಸಬಹುದು, ದಯೆಗೆ ಏನು ಮಾಡುವುದು? ಕೈಕೆಲಸ ಮಾಡಿಸಿದೆ. ಹಳೆಯ ಪತ್ರಿಕೆಗಳ ಬಣ್ಣದ ಹಾಳೆಗಳನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ, ಅಂಟು ಸವರಿ, ಪೊರಕೆ ಕಡ್ಡಿಗೆ ಸುತ್ತಿ, ಒಣಗಿದ ಮೇಲೆ ಮೆಲ್ಲಗೆ ಎಳೆದರೆ ಚೆಂದದ ಮಣಿ ಆಗುತ್ತದೆ. ಗೋಡೆಗೆ ಸಾಲಾಗಿ ಮೊಳೆ ಹೊಡೆಸಿ, ಒಂದೊಂದು ಮಗುವಿನ ಹೆಸರಿಗೆ ಒಂದೊಂದು ದಾರ ಇಳಿಬಿಟ್ಟೆ. ಯಾರು ಯಾರಿಗೆ ಸಹಾಯ ಮಾಡಿದರೂ ಮಾಡಿದವರ ದಾರಕ್ಕೆ ಒಂದು ಮಣಿ.

ನಾವು ಚಾಪೆಯ ಕೆಳಗೆ ತೂರಿದರೆ ತಾವು ರಂಗೋಲಿಯ ಕೆಳಗೆ ತೂರುವವರು ಎಂದು ವಾರ ಕಳೆಯುವುದರೊಳಗೆ ಮಕ್ಕಳು ತೋರಿಸಿಕೊಟ್ಟರು. ಅವಳಿ ಹುಡುಗಿಯರಿದ್ದಾರೆ, ಒಬ್ಬಳು ಪೆನ್ಸಿಲ್ ಬೀಳಿಸುವುದು, ಇನ್ನೊಬ್ಬಳು ಎತ್ತಿಕೊಡುವುದು. ಆಮೇಲೆ ಪಾಳಿ ಬದಲು. ಗುಂಡ ಎಂಬ ಹುಡುಗ ತಾನೇ ನೀರು ಚೆಲ್ಲಿ ತಾನೇ ಒರೆಸಲು ನಿಲ್ಲುತ್ತಿದ್ದ. ನೆಲ ಒರೆಸುವ ಆಯಾ ಬಂದು ಸೊಂಟ ಹಿಡಿದುಕೊಂಡು ನಿಂತಳು. "ಮಿಸ್ಸೇ, ಇವರ ದಯೆ ಒರೆಸೀ ಒರೆಸೀ ನಾನೇ ಮಲಗೋ ಹಂಗಾಯ್ತು. ಸ್ವಲ್ಪ ದಿನ ಕೆಟ್ಟವರಾಗೋದು ಕಲಿಸಿ."

ನಗಬೇಡ. ನಾನು ನಕ್ಕೆ, ಅದಕ್ಕೇ ಗುಬ್ಬಿ ನನ್ನ ಕಣ್ಣಿಗೆ ಬೀಳಲು ತಡವಾಯಿತು.

ಗುಬ್ಬಿ ಎಂದರೆ ಒಂದು ಕಾಲಿಗೆ ಲೋಹದ ಪಟ್ಟಿ ಹಾಕಿಕೊಂಡು ನಡೆಯುವ ಹುಡುಗಿ. ಮಣಿ ಬೇಕಾದವರಿಗೆಲ್ಲ ಅವಳೊಂದು ಗಣಿಯಾದಳು. ಒಬ್ಬ ಅವಳ ಚೀಲ ಹೊರುತ್ತಾನೆ, ಒಬ್ಬಳು ಕುರ್ಚಿ ಎಳೆಯುತ್ತಾಳೆ. ಅವಳು ಬಣ್ಣದ ಡಬ್ಬಿಯ ಕಡೆ ನೋಡಿದರೆ ಸಾಕು, ಡಬ್ಬಿ ಹಾರಿ ಬರುತ್ತದೆ. ಕೂತಲ್ಲೇ ಮಹಾರಾಣಿ. ಎಲ್ಲರ ದಾರ ಮಣಿಗಳ ಭಾರಕ್ಕೆ ಜಗ್ಗುತ್ತಿದ್ದರೆ ಅವಳದು ಮಾತ್ರ ಬರಿದಾಗಿ ಫ್ಯಾನಿನ ಗಾಳಿಗೆ ಸುಮ್ಮನೆ ಅಲ್ಲಾಡುತ್ತಿತ್ತು.

ಒಂದು ದಿನ ಅವಳ ತಿಂಡಿ ಡಬ್ಬಿ ತೆಗೆಯಲು ನಾಲ್ಕು ಕೈ ಒಟ್ಟಿಗೆ ಬಂದವು. ತಿಂಡಿ ನೆಲಕ್ಕೆ. ಗುಬ್ಬಿ ಹತ್ತಿರ ಸಿಕ್ಕ ಕೈಯನ್ನು ಹಲ್ಲಿನ ಗುರುತು ಮೂಡುವಂತೆ ಕಚ್ಚಿದಳು. ಕಚ್ಚಿಸಿಕೊಂಡವನು ಗುಂಡ. ನಾನು ಒಳ್ಳೇದು ಮಾಡೋಕೆ ಹೋಗಿದ್ದೆ ಎಂದು ಅವನ ಅಳು. ನಾನು ಮಿಸ್ಸಿನ ದನಿಯಲ್ಲಿ, ಅವನ ಹತ್ತಿರ ಸಾರಿ ಕೇಳು ಎಂದೆ. ಅವಳು ಅಳಲಿಲ್ಲ.

"ಎಲ್ಲಾರೂ ನಂಗೇ ಮಾಡಿದ್ರೆ, ನಾನ್ಯಾರಿಗೆ ಮಾಡ್ಲಿ?"

ತರಬೇತಿಯಲ್ಲಿ ಅದನ್ನು ಹೇಳಿಕೊಟ್ಟಿರಲಿಲ್ಲ.

ಆ ಸಂಜೆ ದಾರಗಳನ್ನು ಬಿಚ್ಚಿ ಮಣಿಗಳನ್ನು ಆಟದ ಬುಟ್ಟಿಗೆ ಸುರಿದೆ. ಪೋಷಕರಿಗೆ ಏನು ತೋರಿಸ್ತೀರಿ ಎಂದು ಹೆಡ್ ಮಿಸ್ ಮುಖ ಗಂಟು ಹಾಕಿಕೊಂಡರು. ಗೋಡೆ ತೋರಿಸೋಣ ಎಂದೆ.

ಮರುದಿನ ನನಗೆ ತಲೆನೋವು. ಮೇಜಿನ ಮೇಲೆ ತಲೆಯಿಟ್ಟು ಒಂದು ಗಳಿಗೆ ಕಣ್ಣು ಮುಚ್ಚಿದೆ. ಲೋಹದ ಪಟ್ಟಿಯ ಟಕ್ ಟಕ್ ಸದ್ದು ಹತ್ತಿರ ಬಂತು, ನನ್ನ ಲೋಟ ಎತ್ತಿಕೊಂಡು ದೂರ ಹೋಯಿತು. ನೀರಿನ ಫಿಲ್ಟರ್ ಪಡಸಾಲೆಯ ಆ ತುದಿಯಲ್ಲಿದೆ. 'ಬೇಡ ಪುಟ್ಟಾ, ನೀನು ಕೂತ್ಕೋ' ಎಂಬುದು ನಾಲಿಗೆ ತುದಿಗೆ ಬಂದಿತ್ತು, ನುಂಗಿದೆ. ಹಾಗೆ ನುಂಗುವುದು ಎಷ್ಟು ಕಷ್ಟ ಎಂದು ನಿನಗೆ ಹೇಗೆ ಹೇಳಲಿ? ಇಡೀ ತರಗತಿ ಪಾಠವಿಲ್ಲದೆ ಕಾಯಿತು. ಅರ್ಧ ನೀರು ದಾರಿಯಲ್ಲೇ ಚೆಲ್ಲಿತ್ತು, ಉಳಿದದ್ದನ್ನು ಕುಡಿದೆ. ಇನ್ನೂ ಬೇಕಾ ಎಂದು ಕೇಳಿದಳು. ಬೇಕಿರಲಿಲ್ಲ. ಬೇಕು ಎಂದೆ.

ಇಷ್ಟೇ ವಿಷಯ. ಇದರಿಂದ ಏನು ತಿಳಿಯಬೇಕೋ ನೀನೇ ತಿಳಿದುಕೋ, ನಾನಂತೂ ಇನ್ನೂ ತಿಳಿದುಕೊಳ್ಳುತ್ತಿದ್ದೇನೆ. ಭಾವನಿಗೆ ನನ್ನ ನಮಸ್ಕಾರ ತಿಳಿಸು. ದೊಡ್ಡವಳು ನೀನು, ಮುನಿಸಿನ ನಡುವೆಯೂ ಒಂದಿಷ್ಟು ಹರಸು.

ನಿನ್ನ
ತಂಗಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ನಿನ್ನಲ್ಲಿಗೆ ಬರುವ ಹಿಂದಿನ ವಾರವೇ, ಗಂಡ ಎನಿಸಿಕೊಂಡ ಇವರು ಮನೆ ಬಿಟ್ಟು ಹೋಗಿದ್ದರು. ನಿನ್ನ ಸೇವೆಗೆಂದು ಓಡಿ ಬಂದವಳಲ್ಲ ನಾನು, ಈ ಮನೆಯಲ್ಲಿ ಒಬ್ಬಳೇ ಇರಲಾರದೆ ಬಂದವಳು. ಈಗ ವಿಚ್ಛೇದನಕ್ಕೆಂದು ಕೋರ್ಟಿನಿಂದ ನೋಟಿಸು ಬಂದಿದೆ, ಮುಂದಿನ ತಿಂಗಳ ಮೊದಲ ಸೋಮವಾರ ಹೋಗಬೇಕು. ಜೊತೆಗೆ ಮನೆಯವರು ಯಾರಾದರೂ ಇದ್ದರೆ ಒಳ್ಳೆಯದು ಎಂದು ವಕೀಲರು ಹೇಳಿದರು. ಅಕ್ಕ ಬರುತ್ತಾಳೆ ಎಂದುಬಿಟ್ಟೆ, ನಿನ್ನನ್ನು ಕೇಳದೆಯೇ. ಮಾತಾಡುವುದೇನೂ ಇಲ್ಲ, ಪಕ್ಕದಲ್ಲಿ ಕೂತಿರು. ಭಾನುವಾರ ಬೆಳಗಿನ ಬಸ್ಸಿಗೆ ಹೊರಟರೆ ಮಧ್ಯಾಹ್ನಕ್ಕೆ ತಲುಪುತ್ತೀಯ. ನಿಲ್ದಾಣದಿಂದ ಮನೆಗೆ ದಾರಿ ನಿನಗೆ ಗೊತ್ತಿದೆ. ಕರೆದುಕೊಂಡು ಹೋಗಲು ನಾನು ಅಲ್ಲಿಗೆ ಬರುವುದಿಲ್ಲ.